ಗಟಾರಕ್ಕೆ ಬಿದ್ದ ಗುಳಿಗೆಗಳು

ಸ್ಟ್ರಿಪ್ಪಿನಿಂದ ಗುಳಿಗೆ ತೆಗೆಯುವಾಗ ಹೆಬ್ಬೆರಳನ್ನು ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಗುಳಿಗೆ ಒಳಗೇ ಪುಡಿಯಾಗಿ ಹಿಂದಿನ ಬೆಳ್ಳಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ನೋಡಿದವರಿಗೆ ಅನುಮಾನ ಬರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ತೆಲುಗರ ರಾಜಧಾನಿಯಲ್ಲಿ, ತಾರ್ನಾಕದ ಒಂದು ಸಣ್ಣ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ, ನೀರಿನ ಟ್ಯಾಂಕಿನ ಹಿಂದೆ ನಿಂತು, ಒಂದೂವರೆ ವರ್ಷ ಈ ಕೆಲಸ ಮಾಡಿದ್ದೇನೆ. ಒತ್ತಿ ತೆಗೆದ ಗುಳಿಗೆಗಳೆಲ್ಲ ಅಲ್ಲಿದ್ದ ಗಟಾರಕ್ಕೆ ಬೀಳುತ್ತಿದ್ದವು. ಅದನ್ನು ನಾನು ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಈಗ ನನಗೆ ಎಪ್ಪತ್ತಾರು. ಹೆಂಡತಿಗೂ ಇದನ್ನು ಪೂರ್ತಿ ಹೇಳಿಲ್ಲ. ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ, ಅದೂ ಸೇಡಂ ಕಡೆಯ ಶಾಲೆಯಲ್ಲಿ. ಬರೆದು ಅಭ್ಯಾಸವಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಆಸ್ಪತ್ರೆಗೆ ಸೇರುವ ಮೊದಲು ಸನತ್‌ನಗರದಲ್ಲಿ ಫ್ಯಾನಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಬೀಗದ ಮೇಲೆ ಒಂದು ನೋಟೀಸು ಅಂಟಿಸಿದ್ದರು. ಅಲ್ಲಿದ್ದ ನಮ್ಮ ಕಡೆಯವರಲ್ಲಿ ಓದಲು ಬರುತ್ತಿದ್ದವನು ನಾನೊಬ್ಬನೇ. ಗಟ್ಟಿಯಾಗಿ ಓದಿ ಅರ್ಥ ಹೇಳಿದೆ: ಮೂರು ತಿಂಗಳಲ್ಲಿ ಕಾರ್ಖಾನೆ ತೆರೆಯುತ್ತದೆ, ಎಲ್ಲರನ್ನೂ ಮರಳಿ ಕರೆಯುತ್ತಾರೆ, ಯಾರೂ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ಓದಿದೆನೆಂದು ಹದಿನೈದು ಇಪ್ಪತ್ತು ಜನ ನಂಬಿ ಕುಳಿತರು. ಆ ಗೇಟು ಮತ್ತೆ ತೆರೆಯಲೇ ಇಲ್ಲ. ಅಂದಿನಿಂದ ಅಚ್ಚು ಹಾಕಿದ ಕಾಗದದ ಮೇಲಿನ ಭರವಸೆಯನ್ನು ನಾನು ಓದುತ್ತಿದ್ದೆ, ನಂಬುತ್ತಿರಲಿಲ್ಲ. ಮುಂದೆ ನಡೆದದ್ದಕ್ಕೆ ಇದೇ ಬೇರು. ನೆಪವೆಂದು ಹೇಳುತ್ತಿಲ್ಲ.

ಆ ಕಾಲದಲ್ಲಿ ಊರಿನ ಆ ತುದಿಯಲ್ಲಿ, ಮಾದಾಪುರ ಗಚ್ಚಿಬೌಲಿ ಕಡೆ, ಕಂಪ್ಯೂಟರಿನವರ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಲ್ಲು, ಸಿಮೆಂಟು ಹೊರುವವರು ಹೆಚ್ಚಾಗಿ ನಮ್ಮ ಕಡೆಯವರು. ಯಾದಗಿರಿ, ಗುರುಮಠಕಲ್, ಶಹಾಪುರದವರು. ಅವರಲ್ಲಿ ತಲೆ ಕೆಟ್ಟವರನ್ನು ಯಾರಾದರೂ ದವಾಖಾನೆಗೆ ಕರೆತಂದರೆ ಡಾಕ್ಟರಿಗೆ ಅವರ ಕನ್ನಡ ತಿಳಿಯದು, ಅವರಿಗೆ ಡಾಕ್ಟರ ತೆಲುಗು ತಿಳಿಯದು. ಹಾಗಾಗಿ ನನಗೆ ಕೆಲಸ ಸಿಕ್ಕಿತು. ಹೆಸರಿಗೆ ಜವಾನ. ಮಾಡುತ್ತಿದ್ದದ್ದು ಮಾತು ದಾಟಿಸುವುದು. ದಿನಾ ಕುಷಾಯಿಗೂಡದಿಂದ ಬಸ್ಸು ಹಿಡಿದು ಬರುತ್ತಿದ್ದೆ.

ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆದಿತ್ತು. ಅದನ್ನು ಎಲ್ಲರೂ ಸ್ಟಡಿ ಎನ್ನುತ್ತಿದ್ದರು. ಕಿವಿಯಲ್ಲಿ ಇಲ್ಲದ ಮಾತು ಕೇಳುವ ಕಾಯಿಲೆಗೆ ಒಂದು ಮದ್ದು; ಅದನ್ನು ಎಷ್ಟು ಕೊಟ್ಟರೆ ಗುಣ, ಎಷ್ಟಕ್ಕೆ ತೊಂದರೆ ಎಂದು ಪರೀಕ್ಷಿಸುವುದು. ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ. ಎರಡು ವಾರಕ್ಕೊಮ್ಮೆ ಬರಬೇಕು. ಬಂದಾಗ ಡಾಕ್ಟರು ಸಾಲಾಗಿ ಪ್ರಶ್ನೆ ಕೇಳಿ ಅಂಕ ಹಾಕುತ್ತಿದ್ದರು. ಅದಕ್ಕೂ ಮೊದಲು ಇನ್ನೊಂದು ಕೋಣೆಯಲ್ಲಿ ಒಬ್ಬ ಹುಡುಗಿ, ಅವಳೂ ತೆಲುಗಿನವಳೇ, ಸ್ಟ್ರಿಪ್ಪು ಈಸಿಕೊಂಡು ಉಳಿದ ಗುಳಿಗೆ ಎಣಿಸಿ ಬರೆದುಕೊಳ್ಳುತ್ತಿದ್ದಳು. ಎರಡು ವಾರಕ್ಕೆ ಇಪ್ಪತ್ತೆಂಟು ಬೇಕು, ಕೈತಪ್ಪಿದರೆ ಇರಲಿ ಎಂದು ಮೂವತ್ತೆರಡು ಕೊಡುತ್ತಿದ್ದರು. ನಾಲ್ಕೈದು ಉಳಿದರೆ ಸರಿ. ಹೆಚ್ಚು ಉಳಿದರೆ ಎಚ್ಚರಿಕೆ. ಎರಡನೆಯ ಸಲವೂ ಉಳಿದರೆ ಸ್ಟಡಿಯಿಂದ ಹೊರಗೆ.

ಸ್ಟಡಿಗೆ ಸೇರುವಾಗ ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತಿದ್ದವನು ನಾನೇ. ಅದರ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ನೀವು ಯಾವಾಗ ಬೇಕಾದರೂ ಹೊರಗೆ ಬರಬಹುದು, ಹೊರಗೆ ಬಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ. ಅದನ್ನು ಓದುವಾಗ ನನಗೆ ಬೀಗದ ಮೇಲಿನ ನೋಟೀಸು ನೆನಪಾಗುತ್ತಿತ್ತು. ಮದುವೆಯಲ್ಲಿ ಮಂತ್ರ ಹೇಳಿದ ಹಾಗೆ ಸರಸರ ಓದಿ ಮುಗಿಸಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದೆ.

ಆ ಹೆಣ್ಣುಮಗಳು ಬಂದಾಗ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಗುರುಮಠಕಲ್ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸಕ್ಕಿದ್ದರು. ಮೇಸ್ತ್ರಿಯ ದನಿ ತನ್ನ ಕಿವಿಯೊಳಗೆ ಕುಳಿತು ಹಗಲೆಲ್ಲ ಬೈಯುತ್ತದೆ, ಇಟ್ಟ ಹೆಜ್ಜೆಗಳನ್ನೆಲ್ಲ ಎಣಿಸುತ್ತದೆ ಎಂದು ಹೇಳುತ್ತಿದ್ದಳು. ಸ್ಟಡಿಗೆ ಸೇರಿದಳು. ಎರಡು ವಾರ ಬಿಟ್ಟು ಬಂದಾಗ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಹದಿನಾರು ಉಳಿದಿದ್ದವು.

"ಇದೇನ ತಂಗಿ, ಅರ್ಧಕ್ಕರ್ಧ ಹಂಗ ಐತಿ!"

"ಅಣ್ಣಾರ, ಮುಂಜಾನಿದು ನುಂಗಿದ್ರ ಹಲಗಿ ಮ್ಯಾಲ ನಿಂತಾಗ ಕಣ್ಣು ಮುಚ್ಚತಾವ್ರೀ. ನಾಕನೇ ಮಾಳಗಿ. ಕೆಳಗ ನೋಡಿದ್ರ ಮಂದಿ ಇರವಿ ಕಂಡಂಗ ಕಾಣ್ತಾರ. ಬಿದ್ದ್ರ ನೀವು ಬಂದು ಹಿಡೀತೀರೇನು?"

"ರಾತ್ರಿದು?"

"ಅದ ಬಿಟ್ಟಿಲ್ರೀ. ಅದ ಚಲೋ ಐತಿ. ಮೊದಲ ಕಿವ್ಯಾಗ ಕುಂತು ಬೈತಿದ್ದ. ಈಗ ರಸ್ತಾದ ಆಚಿ ಕಡಿ ನಿಂತು ಬೈತಾನ. ಬೈಲೇಳು, ಅಲ್ಲಿಂದ ಎಷ್ಟ ಕೇಳಸ್ತೈತಿ?"

ಇಬ್ಬರೂ ನಕ್ಕೆವು. ಆಮೇಲೆ ನಾನು ಅವಳನ್ನು ಟ್ಯಾಂಕಿನ ಹಿಂದೆ ಕರೆದೊಯ್ದು ಹನ್ನೊಂದು ಗುಳಿಗೆ ಒತ್ತಿ ಗಟಾರಕ್ಕೆ ಹಾಕಿದೆ. ಐದು ಬಿಟ್ಟೆ. ಎಲ್ಲರಿಗೂ ಸರಿಯಾಗಿ ನಾಲ್ಕೇ ಉಳಿದರೆ ಎಣಿಸುವ ಹುಡುಗಿಗೆ ಸಂಶಯ ಬರುತ್ತದಲ್ಲ, ಅದಕ್ಕೇ ಒಬ್ಬರಿಗೆ ನಾಲ್ಕು, ಒಬ್ಬರಿಗೆ ಐದು ಬಿಡುವುದು ನನ್ನ ಪದ್ಧತಿ. ಇವಳಿಗಿಂತ ಮೊದಲೇ ಇದನ್ನು ಶುರು ಮಾಡಿದ್ದೆ. ಹೀಗೆ ಒಟ್ಟು ಒಂಬತ್ತು ಜನರಿಗೆ ಮಾಡಿದೆ.

ಏಕೆ ಮಾಡಿದೆ? ಹೊರಗೆ ಹಾಕಿದರೆ ಇವರಿಗೆ ಮದ್ದೇ ಸಿಗುವುದಿಲ್ಲ ಎಂದು ನಂಬಿದ್ದೆ. ಇದು ನಿಜ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಅದೂ ಒಂದು ಸುಳ್ಳಾಗುತ್ತದೆ. ಅವರು ನನ್ನನ್ನು ಅಣ್ಣಾರು ಎನ್ನುತ್ತಿದ್ದರು, ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದರು. ಡಾಕ್ಟರು ಎಲ್ಲರೆದುರು, "ಇವನು ಬಂದ ಮೇಲೆ ಒಬ್ಬ ಪೇಷಂಟೂ ಬಿಟ್ಟುಹೋಗಿಲ್ಲ" ಎಂದು ಬೆನ್ನು ತಟ್ಟಿದ್ದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಯಾರೂ ನನ್ನ ಬೆನ್ನು ತಟ್ಟಿರಲಿಲ್ಲ. ಆ ರುಚಿ ಹತ್ತಿತ್ತು.

ಮೂರು ತಿಂಗಳು ಹೀಗೇ ನಡೆಯಿತು. ಅವಳ ಅಂಕ ಸ್ವಲ್ಪ ಸುಧಾರಿಸಿ ಅಲ್ಲಿಗೇ ನಿಂತಿತು. ಒಂದು ದಿನ ಡಾಕ್ಟರು ಫೈಲು ನೋಡುತ್ತ ಕೇಳಿದರು. ನಾವು ಆಡುತ್ತಿದ್ದದ್ದು ತೆಲುಗು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಗುಳಿಗೆ ತಪ್ಪದೆ ತಗೊಳ್ತಾಳಾ?"

"ಲೆಕ್ಕ ಸರಿ ಇದೆಯಲ್ಲ ಸಾರ್."

"ಹಾಗಾದರೆ ಇಷ್ಟು ಸಾಲದು. ಹೆಚ್ಚಿಸಬೇಕು."

ಹೊಸ ಗುಳಿಗೆ ಹಳೆಯದಕ್ಕಿಂತ ಎರಡು ಪಟ್ಟು ಬಲದ್ದು. ನನಗೆ ಗಾಬರಿಯಾಗಲಿಲ್ಲ. ಹೇಗೂ ರಾತ್ರಿ ಒಂದೇ ನುಂಗುತ್ತಾಳೆ, ಎರಡರ ಬಲದ್ದು ಒಂದು ಹೋದರೆ ಡಾಕ್ಟರು ಹೇಳಿದಷ್ಟೇ ಆಯಿತು ಎಂದು ನನ್ನ ಮಟ್ಟಿಗೆ ಲೆಕ್ಕ ಹಾಕಿ ಸಮಾಧಾನಪಟ್ಟೆ. ಬೇಕಿದ್ದರೆ ಆ ಲೆಕ್ಕದ ಜಾಣತನಕ್ಕೂ ಬೆನ್ನು ತಟ್ಟಿಕೊಳ್ಳುತ್ತಿದ್ದೆನೇನೋ.

ಅದೇ ವಾರ ಊರಿನಿಂದ ಅವಳ ತಾಯಿ ಬಂದದ್ದು ನನಗೆ ಗೊತ್ತಿರಲಿಲ್ಲ. ಮಗಳನ್ನು ಕೆಲಸಕ್ಕೆ ಬಿಡದೆ ಶೆಡ್ಡಿನಲ್ಲಿ ಕೂರಿಸಿಕೊಂಡು, ಡಾಕ್ಟರು ಹೇಳಿದ ಹೊತ್ತಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ತನ್ನ ಕೈಯಾರೆ ಬಾಯಿಗೆ ಹಾಕಿ, ಮೇಲೆ ಒಂದು ತುತ್ತು ಅನ್ನ ತಿನ್ನಿಸಿ, ಬಾಯಿ ತೆರೆಸಿ ನೋಡುತ್ತಿದ್ದಳಂತೆ. ಒಂದು ಪಾಲಿನ ಮದ್ದಿಗೆ ಒಗ್ಗಿದ್ದ ಮೈಗೆ ಒಮ್ಮೆಲೆ ನಾಲ್ಕು ಪಾಲು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನಲ್ಲಿ ಆಟೋ ನಿಂತಿತು. ನಾನೇ ಓಡಿಹೋಗಿ ಪರದೆ ಸರಿಸಿದೆ. ಇಂದಿಗೂ ಆಟೋದ ಪರದೆ ಸರಿಸುವಾಗ ನನ್ನ ಕೈ ತಡೆಯುತ್ತದೆ. ಅವಳ ಕತ್ತು ಹಿಂದಕ್ಕೆ, ಎಡಕ್ಕೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ ಬಿಳಿ ಮಾತ್ರ ಕಾಣುತ್ತಿತ್ತು. ದವಡೆ ಬಿಗಿದು ನಾಲಿಗೆ ಹಲ್ಲಿನ ನಡುವೆ ಸಿಕ್ಕಿತ್ತು, ಗಂಟಲಿನಿಂದ ಗೊರ್ ಗೊರ್ ಸದ್ದು ಬರುತ್ತಿತ್ತು. ಪ್ರಜ್ಞೆ ಮಾತ್ರ ಪೂರ್ತಿ ಇತ್ತು. ನನ್ನ ದನಿ ಕೇಳಿ ಅವಳ ಕೈ ಗಾಳಿಯಲ್ಲಿ ತಡಕಾಡಿ ನನ್ನ ಅಂಗಿ ಹಿಡಿಯಿತು.

"ಹೊತ್ತಿಗೆ ಸರಿಯಾಗಿ ಕೊಟ್ಟೀನ್ರೀ ಯಪ್ಪಾ," ಎಂದು ತಾಯಿ ಅಳುತ್ತಿದ್ದಳು. "ಒಂದೂ ತಪ್ಪಿಸಿಲ್ಲ. ಎರಡೂ ಹೊತ್ತು ಕೊಟ್ಟೀನಿ."

ಎರಡೂ ಹೊತ್ತು ಎಂದು ಕೇಳಿದಾಗ ನನಗೆ ಎಲ್ಲ ತಿಳಿಯಿತು. ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟರು, ಉಸಿರಿಗೆ ಕೊಳವೆ ಹಿಡಿದರು, ಇನ್ನೂ ತಡವಾಗಿದ್ದರೆ ಉಸಿರು ಕಟ್ಟುತ್ತಿತ್ತು ಎಂದರು. ಅರ್ಧ ಗಂಟೆಯ ಮೇಲೆ ಕತ್ತು ನಿಧಾನಕ್ಕೆ ಸಡಿಲವಾಯಿತು. ಆಗ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಮೂರು ತಿಂಗಳು ಎರಡೂ ಹೊತ್ತು ತಗೊಂಡು ಏನೂ ಆಗದವಳಿಗೆ ಈಗ ಹೀಗಾಯಿತೆಂದರೆ ನನಗೆ ಅರ್ಥವಾಗುತ್ತಿಲ್ಲ. ನೀನು ಅವರೊಂದಿಗೆ ಮಾತಾಡುವವನು. ನಿಜವಾಗಿ ತಗೊಳ್ಳುತ್ತಿದ್ದಳಾ?"

ಬಾಯಿಯಲ್ಲಿ ನಿಜ ಇತ್ತು. ಅದು ಹೊರಬರುವಷ್ಟರಲ್ಲಿ ನನ್ನದೇ ದನಿ ನನಗೆ ಕೇಳಿಸಿತು: "ತಗೊಳ್ಳುತ್ತಿದ್ದಳು ಸಾರ್."

ಈ ಮದ್ದು ಇವಳ ಮೈಗೆ ಆಗುವುದಿಲ್ಲ, ಕೊಡಕೂಡದು ಎಂದು ಅವರು ಫೈಲಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಮೇಸ್ತ್ರಿಯ ದನಿಯನ್ನು ರಸ್ತೆಯಾಚೆಗೆ ಅಟ್ಟಿದ್ದ ಒಂದೇ ಮದ್ದು ಅದು. ನನ್ನ ಕಣ್ಣೆದುರಿಗೇ ಅವಳ ಪಾಲಿಗೆ ಅದು ಮುಚ್ಚಿಹೋಯಿತು.

ಹೊರಗೆ ಬಂದರೆ ತಾಯಿ ಮೆಟ್ಟಿಲ ಮೇಲೆ ಕುಳಿತು ಬಲಗೈಯನ್ನು ಕಲ್ಲಿಗೆ ಬಡಿದುಕೊಳ್ಳುತ್ತಿದ್ದಳು. "ಈ ಕೈಲೇ ಹಾಕಿದ್ನೆಪ್ಪಾ. ಹಡದ ಕೈಲೇ ವಿಷ ಹಾಕಿದ್ನೆಪ್ಪಾ." ಬೆರಳಿನ ಗೆಣ್ಣುಗಳಲ್ಲಿ ರಕ್ತ ಬರುತ್ತಿತ್ತು. ನಾನು ಪಕ್ಕದಲ್ಲಿ ನಿಂತು, "ಹಂಗ ಅನ್ನಬ್ಯಾಡ್ರಿ ಅವ್ವಾರ, ದೇವರ ಇಚ್ಛಾ," ಎಂದೆ. ದೇವರ ಹೆಸರು ಹೇಳಿದೆ. ಬೇರೆ ಮದ್ದು ಬರೆಸಿಕೊಂಡು ತಾಯಿ ಮಗಳು ಊರಿಗೆ ಹೋದರು. ಮತ್ತೆ ಬರಲಿಲ್ಲ.

ನಾಲ್ಕು ತಿಂಗಳು ಸುಮ್ಮನಿದ್ದೆ. ಗುಳಿಗೆ ಒತ್ತುವುದನ್ನು ನಿಲ್ಲಿಸಿದ್ದೆ, ಅಷ್ಟೇ. ಬಾಯಿ ತೆರೆಸಿದವನು ಒಬ್ಬ ಮುದುಕ, ಶಹಾಪುರ ಕಡೆಯ ಕಲ್ಲುಕುಟಿಗ. ಹೆಂಡತಿಯನ್ನು ಸ್ಟಡಿಗೆ ಸೇರಿಸಲು ಬಂದಿದ್ದ. ನಾನು ಯಥಾಪ್ರಕಾರ ಒಪ್ಪಿಗೆ ಪತ್ರ ಓದುತ್ತಿದ್ದೆ.

"ತಡೀರಿ ಮಾಸ್ತರ್ರ," ಎಂದ. "ರೈಲು ಓಡಿಸಿದಂಗ ಓಡಸಾಕತ್ತೀರಿ. ಆ ಮಾತು ಇನ್ನೊಮ್ಮೆ ಓದ್ರಿ. ನಡುವ ಬಿಟ್ರೂ ಔಷಧ ಕೊಡ್ತಾರ?"

"ಹಂಗಂತ ಬರದಾರ."

"ಬರದಾರ ಅಂದ್ರ? ಕೊಡ್ತಾರೋ ಇಲ್ಲೋ?"

"ಅದು ನನಗೇನ ಗೊತ್ತು, ಕಾಗದ ಹೇಳ್ತೈತಿ."

"ನಿಮಗ ಗೊತ್ತಿಲ್ಲ ಅಂದ್ರ ಗೊತ್ತಿದ್ದವ್ರನ್ನ ಕೇಳ್ರಿ. ನಾ ಕಲ್ಲಿಗೆ ಉಳಿ ಹಚ್ಚೂ ಮುಂದ ಎರಡ ಸಲ ಕೇಳತೀನಿ. ಇದು ಹೆಂಡ್ತಿ ತಲಿ ಮಾತು."

ಬೇರೆ ದಾರಿಯಿಲ್ಲದೆ ಒಳಗೆ ಹೋಗಿ ಕೇಳಿದೆ. ಡಾಕ್ಟರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೊಡದೆ ಏನು? ಪ್ರತಿ ಸಲ ನೀನೇ ಓದುತ್ತೀಯಲ್ಲ," ಎನ್ನುತ್ತ ಎದ್ದು ಕಪಾಟು ತೆರೆದು ಒಂದು ರಿಜಿಸ್ಟರು ತೋರಿಸಿದರು. ನಾನು ಸೇರುವ ಮೊದಲು ಸ್ಟಡಿ ಬಿಟ್ಟವರ ಪಟ್ಟಿ. ಪ್ರತಿಯೊಬ್ಬರ ಮುಂದೆ ತಿಂಗಳು ತಿಂಗಳೂ ಮದ್ದು ಕೊಟ್ಟ ಗುರುತು. ಕೆಲವರನ್ನು ನಾನೇ ಕಂಡಿದ್ದೆ. ಅವರು ಬೇರೆ ದಿನ ಬಂದು ಬೇರೆ ಕಿಟಕಿಯಲ್ಲಿ ಮದ್ದು ಒಯ್ಯುವ ಮಾಮೂಲಿ ರೋಗಿಗಳು ಎಂದುಕೊಂಡಿದ್ದೆ.

ಆ ಕಾಗದ ನಿಜ ಹೇಳಿತ್ತು. ಎರಡು ವರ್ಷದ ಹತ್ತಿರ ನನ್ನ ಬಾಯಿಂದಲೇ ಹೇಳಿಸಿತ್ತು. ಯಾರನ್ನು ಯಾವುದರಿಂದ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆನೋ ಅಂಥದ್ದೊಂದು ಅಲ್ಲಿ ಇರಲೇ ಇಲ್ಲ. ಮುದುಕನ ಪ್ರಶ್ನೆಗೆ ಉತ್ತರ ಹೇಳಿ ಬಂದು, ಬಾಗಿಲು ಹಾಕಿ, ಎಲ್ಲವನ್ನೂ ಡಾಕ್ಟರಿಗೆ ಹೇಳಿಬಿಟ್ಟೆ.

ಅವರು ಕೂಗಾಡಲಿಲ್ಲ. ನನ್ನ ಹೆಬ್ಬೆರಳನ್ನು ನೋಡಿದರು.

"ಎಷ್ಟು ಜನ?"

"ಒಂಬತ್ತು ಸಾರ್."

"ಬೆಳಿಗ್ಗೆ ನಿದ್ದೆ ಬರುತ್ತದೆ ಅಂತ ಅವಳು ನಿನಗೆ ಹೇಳಿದ್ದಳಾ? ಮೊದಲ ಸಲವೇ?"

"ಹೌದು ಸಾರ್."

"ನನಗೆ ಹೇಳಿದ್ದರೆ ರಾತ್ರಿ ಒಂದೇ ಕೊಟ್ಟು ನೋಡುತ್ತಿದ್ದೆ. ಸ್ಟಡಿಯಿಂದ ತೆಗೆದಾದರೂ ಮದ್ದು ಕೊಡುತ್ತಿದ್ದೆ. ಮುಗಿಯುತ್ತಿತ್ತು. ಇದು ಒಂದು ಮಾತಿನ ಕೆಲಸವಯ್ಯ."

ಒಂಬತ್ತು ಜನರ ಲೆಕ್ಕವನ್ನು ಬೇರೆ ತೆಗೆದು ಮೇಲಿನವರಿಗೆ ಬರೆಯಬೇಕು, ಇಷ್ಟು ದಿನದ ಕೆಲಸಕ್ಕೇ ಕಲೆ ಹತ್ತಿತು ಎಂದರು. ನನ್ನ ಕೆಲಸ ಅವತ್ತೇ ಹೋಯಿತು. ಎದ್ದಾಗ ಅವರೇ ಒಂದು ಚೀಟಿ ಬರೆದುಕೊಟ್ಟರು. ಅವಳನ್ನು ಕರೆತರಬೇಕು, ತಾನೇ ನೋಡಿ ತೀರ ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡುತ್ತೇನೆ ಎಂದು. "ಬರುವ ಸೋಮವಾರ ಕಾಯುತ್ತಿರುತ್ತೇನೆ. ಇದಾದರೂ ಮಾಡು."

ನಾರಾಯಣಪೇಟೆ ದಾಟಿ ಗುರುಮಠಕಲ್‌ಗೆ ಬಸ್ಸು, ಅಲ್ಲಿಂದ ಅವಳ ಹಳ್ಳಿಗೆ ಟೆಂಪೊ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಚ್ಚಿಯ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಗಂಡ ಪುಣೆಯ ಕಡೆ ಕೆಲಸಕ್ಕೆ ಹೋಗಿದ್ದ. ಅವಳು ಕಟ್ಟೆಯ ಮೇಲೆ ಕುಳಿತು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಮೇಸ್ತ್ರಿ ಮರಳಿ ಒಳಗೆ ಬಂದು ಕುಳಿತಿದ್ದ. ಪಕ್ಕದ ಮನೆಯ ಹೆಂಗಸೊಬ್ಬಳು ಅವಳಿಗೆ ತುತ್ತು ತಿನ್ನಿಸುತ್ತಿದ್ದಳು. ತಾಯಿ ದೂರದಲ್ಲಿ ಕುಳಿತು ನೋಡುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು.

ತಾಯಿ ನನಗೆ ನೀರು ಕೊಟ್ಟಳು. ನಾನು ನಿಜ ಹೇಳಲೆಂದೇ ಹೋಗಿದ್ದೆ. ಹೇಳಿದ್ದು, "ಡಾಕ್ಟರು ಭಾಳ ನೆನಸ್ತಾರ್ರಿ, ಕರಕೊಂಡ ಬಾ ಅಂದಾರ," ಎಂದು.

"ಗುಳಗಿ ಮಾತು ತೆಗೀಬ್ಯಾಡ್ರಿ ಯಪ್ಪಾ. ಅವ್ರು ಕೊಟ್ಟಿದ್ದನ್ನ ದಾರ್ಯಾಗ ಒಗದ ಬಂದೀನಿ. ಈ ಕೈಲೇ ಆಕೀಗೆ ಅನ್ನಾನೂ ಹಾಕಾಂಗಿಲ್ಲ ನಾ."

ನನ್ನ ದನಿಗೆ ಮಗಳು ತಲೆ ಎತ್ತಿದಳು. ಗುರುತು ಹಿಡಿದು ಮುಖ ಅರಳಿಸಿದಳು. "ಯವ್ವಾ, ಅಣ್ಣಾರು! ಗುಳಗಿ ಗಟಾರಕ್ಕ ಒಗಿಯೋ ಅಣ್ಣಾರು!" ಎಂದು ಹೆಬ್ಬೆರಳು ಒತ್ತಿ ಒತ್ತಿ ತೋರಿಸುತ್ತ ನಕ್ಕಳು. "ಹನ್ನೊಂದ ಒಗೀತಿದ್ರು. ಟಪ್, ಟಪ್, ಟಪ್."

ತಾಯಿ ನನ್ನತ್ತ ತಿರುಗಿದಳು. ನಾನು ಹೇಳಿದೆ. ನೆಲ ನೋಡುತ್ತ ಎಲ್ಲ ಹೇಳಿದೆ. ಮುಗಿದ ಮೇಲೆ ಅವಳು ಒಂದೊಂದಾಗಿ ಕೇಳಿದಳು.

"ಆಕಿ ಒಂದ ನುಂಗತಿದ್ಲು. ನಾ ನಾಕರ ಬಲ ಹಾಕಿದೆ."

"ಹೂಂ."

"ನಿಮಗ ಗೊತ್ತಿತ್ತು."

"ಹೂಂ."

"ನಾ ಕೈ ಕಲ್ಲಿಗೆ ಬಡಕೊಳ್ಳಾಕತ್ತಾಗ ನೀವು ಅಲ್ಲೇ ಇದ್ರಿ. ದೇವರ ಇಚ್ಛಾ ಅಂದ್ರಿ."

"ಅಂದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಬಲಗೈ ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದಳು. ಚೀಟಿ ಚಾಚಿ ಓದಲು ಹೋದೆ.

"ನೀವು ಓದಬ್ಯಾಡ್ರಿ," ಎಂದಳು. "ಊರಾಗ ತೆಲುಗು ಓದಾವ್ರು ಅದಾರ. ಅಲ್ಲಿ ಇಟ್ಟು ಏಳ್ರಿ."

ಸೋಮವಾರ ನಾನು ಆಸ್ಪತ್ರೆಯ ಎದುರಿನ ಚಹಾದ ಅಂಗಡಿಯ ಬಳಿ ನಿಂತಿದ್ದೆ. ಒಳಗೆ ಹೋಗುವ ಹಕ್ಕು ಇರಲಿಲ್ಲ, ಮನೆಯಲ್ಲಿ ಕೂರಲೂ ಆಗಲಿಲ್ಲ. ಹನ್ನೊಂದರ ಹೊತ್ತಿಗೆ ಇಬ್ಬರೂ ಬಸ್ಸಿಳಿದರು. ತಾಯಿ ಬಲಗೈಯಿಂದ ಮಗಳ ಕೈ ಹಿಡಿದಿದ್ದಳು. ನನ್ನನ್ನು ನೋಡಿಯೂ ನೋಡದಂತೆ ಒಳಗೆ ಹೋದಳು. ಆಗ ನನಗೆ ಹೊಳೆಯಿತು, ಒಳಗೆ ಕನ್ನಡ ಬಲ್ಲವರು ಯಾರೂ ಇಲ್ಲ. ಇದ್ದವನು ನಾನೊಬ್ಬನೇ.

ಹತ್ತು ನಿಮಿಷ ಕಳೆದಿರಬೇಕು. ತಾಯಿ ಗೇಟಿಗೆ ಬಂದು ರಸ್ತೆಯಾಚೆಯಿಂದಲೇ ಕೂಗಿದಳು.

"ಬರ್ರಿ ಇಲ್ಲಿ. ನಾ ಹೇಳಿದಷ್ಟ ಹೇಳಬೇಕು. ಒಂದ ಮಾತು ಹೆಚ್ಚಾಗಬಾರದು, ಒಂದ ಮಾತು ಕಮ್ಮಿ ಆಗಬಾರದು. ಹೇಳ್ತೀರೇನು?"

"ಹೇಳ್ತೀನ್ರೀ ಅವ್ವಾರ."

ಡಾಕ್ಟರ ಎದುರು ನಿಲ್ಲಿಸಿ ಅವಳು ಮೊದಲು ಆಡಿದ ಮಾತು ಇದು: "ಈ ಮನಷ್ಯಾ ನಿಮಗೂ ಸುಳ್ಳ ಹೇಳ್ಯಾನ, ನನಗೂ ಸುಳ್ಳ ಹೇಳ್ಯಾನ."

ಡಾಕ್ಟರು ನನ್ನ ಕಡೆ ನೋಡಿದರು. ಎಣಿಸುವ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಾನು, ಈ ಮನುಷ್ಯ ನಿಮಗೂ ಸುಳ್ಳು ಹೇಳಿದ್ದಾನೆ, ನನಗೂ ಸುಳ್ಳು ಹೇಳಿದ್ದಾನೆ ಎಂದು ತೆಲುಗಿನಲ್ಲಿ ಹೇಳಿದೆ. ಒಂದು ಮಾತೂ ಬಿಡಲಿಲ್ಲ.

ತಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟು, ಈಗ ನೀ ಹೇಳು ಎಂದಳು. ಮಗಳು ಡಾಕ್ಟರನ್ನಲ್ಲ, ನನ್ನನ್ನು ನೋಡಿಕೊಂಡೇ ಹೇಳಿದಳು: "ಮುಂಜಾನಿದು ಬ್ಯಾಡ್ರಿ, ಕಣ್ಣು ಮುಚ್ಚತಾವು. ರಾತ್ರಿದು ಒಂದ ಸಾಕು."

ಅದನ್ನೂ ಹೇಳಿದೆ. ಡಾಕ್ಟರು "ಸರೇ" ಎಂದು ಪೆನ್ನು ತೆಗೆದುಕೊಂಡರು.